ಮುಳುಗದ ಸೋಮವಾರ

ನ್ಯಾಮತಿ

ಲಂಡನ್ನಿಗೆ ಹೋಗಿ ಬಂದ ಮೇಲೆ ನನ್ನ ಟೈಲರಿಂಗ್ ಅಂಗಡಿಗೆ ಬರುವ ಹೆಂಗಸರೆಲ್ಲ ಕೇಳುವುದು ಒಂದೇ ಪ್ರಶ್ನೆ. ‘ಎಷ್ಟು ದೂರ ಐತ್ರೀ ಅಕ್ಕಾ?’ ಬ್ಲೌಸಿನ ಅಳತೆ ಕೊಡಲು ಕೈ ಎತ್ತಿ ನಿಂತವರೂ ಕೈ ಇಳಿಸುವುದನ್ನು ಮರೆತು ಇದನ್ನೇ ಕೇಳುತ್ತಾರೆ. ಎಂಟು ಸಾವಿರ ಕಿಲೋಮೀಟರ್ ಎಂದರೆ ಅವರಿಗೆ ಸಮಾಧಾನವಾಗುವುದಿಲ್ಲ. ನಮ್ಮ ಕಡೆ ದೂರವನ್ನು ಯಾರೂ ಕಿಲೋಮೀಟರಿನಲ್ಲಿ ಹೇಳುವುದಿಲ್ಲ. ಹೊನ್ನಾಳಿ ಎಷ್ಟು ದೂರ ಅಂದರೆ ಅರ್ಧ ಗಂಟೆ. ಚನ್ನಗಿರಿ ಎಷ್ಟು ದೂರ ಅಂದರೆ ನೇರ ಬಸ್ಸು ಸಿಕ್ಕರೆ ಇಷ್ಟು, ಇಳಿದು ಹತ್ತಬೇಕಾದರೆ ಇಷ್ಟು. ನಮ್ಮತ್ತೆಯ ತವರು ಜಗಳೂರು ಎಷ್ಟು ದೂರ ಅಂದರೆ ತಿಂಡಿ ಇಲ್ಲಿ, ಮಧ್ಯಾಹ್ನದ ಊಟ ಅಲ್ಲಿ. ಆ ಲೆಕ್ಕದಲ್ಲಿ ಹೇಳುವುದಾದರೆ ಲಂಡನ್ ನಮ್ಮೂರಿನಿಂದ ಒಂದು ಸೋಮವಾರದಷ್ಟು ದೂರ. ಅದು ಎಂಥ ಸೋಮವಾರ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೋದವರು ನಾವಿಬ್ಬರು, ನಾನು ಮತ್ತು ನಮ್ಮತ್ತೆ. ನಾದಿನಿ ಸುಮಾ ಲಂಡನ್ನಿನ ಹತ್ತಿರದ ಒಂದು ಊರಿನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ನರ್ಸ್ ಆಗಿದ್ದಾಳೆ. ಮದುವೆಯಾಗಿ ಬಹಳ ವರ್ಷವಾಗಿತ್ತು. ಎರಡು ಸಲ ಬಸಿರಾಗಿ ಎರಡು ಸಲವೂ ನಿಲ್ಲಲಿಲ್ಲ. ಈ ಸಲ ಎಂಟನೇ ತಿಂಗಳಿಗೆ ಬಿದ್ದಿದ್ದಳು. ಬಾಣಂತನಕ್ಕೆ ತಾಯಿ ಹೋಗಲೇಬೇಕು. ತಾಯಿ ಒಬ್ಬರೇ ಹೋಗಲಾರರು. ನಮ್ಮನೆಯವರಿಗೆ ಮೆಕ್ಕೆಜೋಳದ ವ್ಯಾಪಾರ ಬಿಟ್ಟು ಬರಲಾಗುವುದಿಲ್ಲ. ಹಾಗಾಗಿ ಅಂಗಡಿಗೆ ಬೀಗ ಹಾಕಿ ನಾನು ಹೊರಟೆ. ಹೋಗೋಣವಾ ಎಂದು ಯಾರಾದರೂ ಕೇಳಿದರೆ ಮೊದಲು ಚಪ್ಪಲಿ ಮೆಟ್ಟಿಕೊಂಡು ಆಮೇಲೆ ಎಲ್ಲಿಗೆ ಎಂದು ಕೇಳುವ ಪೈಕಿ ನಾನು.

ಇನ್ನು ಹರಕೆಯ ವಿಷಯ. ಶ್ರಾವಣ ಸೋಮವಾರ ನಮ್ಮತ್ತೆ ಹಗಲೆಲ್ಲ ಉಪವಾಸ. ಹೊತ್ತು ಮುಳುಗಿದ ಮೇಲೆ ಕೈಕಾಲು ಮುಖ ತೊಳೆದು, ವಿಭೂತಿ ಧರಿಸಿ, ಇಷ್ಟಲಿಂಗದ ಪೂಜೆ ಮಾಡಿ ಒಂದೇ ಊಟ. ನೀರು ಬಿಟ್ಟರೆ ಬೇರೇನೂ ಇಲ್ಲ, ಎಲೆ-ಅಡಿಕೆಯೂ ಇಲ್ಲ. ಇದೇನೂ ಹೊಸದಲ್ಲ, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೆ. ಆದರೆ ಈ ವರ್ಷ ಅತ್ತೆ ಅದನ್ನು ಸುಮಾಳ ಹೊಟ್ಟೆಯ ಕೂಸಿಗೆ ಕಟ್ಟಿದ್ದರು. ‘ಈ ಸಲ ಕೂಸು ಉಳೀಲಿ ಶಿವನೇ. ಶ್ರಾವಣದ ಒಂದು ಸೋಮವಾರನೂ ಕೆಡಸಲ್ಲ’ ಎಂದು ದೇವರ ಮುಂದೆ ಹೇಳಿಕೊಂಡಿದ್ದರು. ಒಂದು ಸೋಮವಾರ ಕೆಟ್ಟರೂ ಹರಕೆ ಪೂರ್ತಿ ಕೆಟ್ಟ ಹಾಗೆ ಎಂಬುದು ಅವರ ನಂಬಿಕೆ. ಅವರಿಗೆ ಸಕ್ಕರೆ ಕಾಯಿಲೆ. ಹೊನ್ನಾಳಿಯ ಡಾಕ್ಟರು ಬೈದು ಬೈದು ಸಾಕಾಗಿ, ಕೊನೆಗೆ ಒಂದು ಒಪ್ಪಂದಕ್ಕೆ ಬಂದಿದ್ದರು. ಆ ದಿನ ಬೆಳಗಿನ ಮಾತ್ರೆ ಬಿಡುವುದು, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಊಟ ಮಾಡುವುದು, ಅದಕ್ಕಿಂತ ಮುಂದಕ್ಕೆ ಒಂದು ಗಳಿಗೆಯೂ ಎಳೆಯಬಾರದು. ‘ಅವ್ವನ್ನ ಹೊತ್ತಿಗೆ ಸರಿಯಾಗಿ ಉಣ್ಸು ಶೋಭಾ, ಅದೊಂದು ನಿನ್ನ ಜವಾಬ್ದಾರಿ’ ಎಂದು ನಮ್ಮನೆಯವರು ನನಗೆ ಹೇಳಿದ್ದು ಒಂದೆರಡು ಸಲವಲ್ಲ.

ಹಾಗಿದ್ದ ಮೇಲೆ ಸೋಮವಾರವೇ ಯಾಕೆ ಹೊರಟಿರಿ ಎಂದು ನೀವು ಕೇಳಬಹುದು. ಮಂಗಳವಾರ ನಮ್ಮ ಮನೆಯಲ್ಲಿ ದೂರ ಪ್ರಯಾಣ ಹೊರಡುವುದಿಲ್ಲ. ಶುಕ್ರವಾರ ಸೊಸೆ ಮನೆ ಬಿಡಬಾರದು. ಶನಿವಾರ ಅತ್ತೆಗೆ ಆಗದು. ಹೀಗೆ ಒಂದೊಂದೇ ವಾರ ಹೊಡೆದು ಹಾಕುತ್ತ ಬಂದರೆ ಉಳಿದದ್ದು ಸೋಮವಾರ. ಸುಮಾ ಟಿಕೆಟ್ ಮಾಡಿಸಿ ಮೊಬೈಲಿಗೆ ಕಳಿಸಿದಳು. ನಮ್ಮನೆಯವರು ಕನ್ನಡಕ ಏರಿಸಿಕೊಂಡು ಅದನ್ನು ಓದಿದರು. ಮಧ್ಯಾಹ್ನ ಊಟದ ಹೊತ್ತಿಗೆ ಬೆಂಗಳೂರು ಬಿಡುತ್ತದೆ, ಸಂಜೆ ಆರೂವರೆಗೆ ಲಂಡನ್ ಮುಟ್ಟುತ್ತದೆ. ‘ಐದು ತಾಸು ಅಷ್ಟೇ ಅವ್ವ. ನಮ್ಮೂರಿಂದ ಬೆಂಗಳೂರಿಗೆ ಹೋದಂಗೆ. ಇಳಿಯೋದಕ್ಕೂ ಹೊತ್ತು ಮುಳುಗೋದಕ್ಕೂ ಸರಿ ಹೋಗ್ತೈತೆ. ಸುಮಿ ಮನ್ಯಾಗೇ ಪೂಜೆ, ಅಲ್ಲೇ ಊಟ’ ಎಂದರು. ಅತ್ತೆಗೆ ಎಷ್ಟು ಖುಷಿಯಾಯಿತೆಂದರೆ, ಶಿವನೇ ನಿಂತು ಟಿಕೆಟ್ ಮಾಡಿಸಿದ್ದಾನೆ ಎಂದು ಓಣಿಯವರಿಗೆಲ್ಲ ಹೇಳಿದರು.

ಅಲ್ಲಿ ಹಗಲಿದ್ದಾಗ ಇಲ್ಲಿ ಕತ್ತಲಾಗಿರುತ್ತದೆ ಎಂಬುದು ನಮಗೆ ಗೊತ್ತಿರಲಿಲ್ಲವೆಂದಲ್ಲ. ಸುಮಾ ಮಧ್ಯಾಹ್ನದ ಚಹಾ ಕುಡಿಯುತ್ತ ವಿಡಿಯೋ ಕಾಲ್ ಮಾಡಿದಾಗ ನಾವು ರಾತ್ರಿಯ ಊಟಕ್ಕೆ ತಟ್ಟೆ ಇಡುತ್ತಿದ್ದೆವು. ಗೊತ್ತಿದ್ದದ್ದು ಟಿಕೆಟ್ ನೋಡುವಾಗ ನೆನಪಾಗಲಿಲ್ಲ, ಅಷ್ಟೇ. ಟಿಕೆಟ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರಯಾಣದ ಅವಧಿಯನ್ನೂ ಕೊಟ್ಟಿದ್ದರಂತೆ. ಅವಧಿ ನೋಡುವ ಅಭ್ಯಾಸ ನಮಗೆಲ್ಲಿದೆ? ಬಸ್ಸು ಎಷ್ಟಕ್ಕೆ ಬಿಡುತ್ತದೆ, ಎಷ್ಟಕ್ಕೆ ಮುಟ್ಟುತ್ತದೆ ಎಂಬುದನ್ನು ನೋಡಿ ಉಳಿದದ್ದನ್ನು ಡ್ರೈವರಿಗೆ ಬಿಟ್ಟವರು ನಾವು.

ಬೆಂಗಳೂರಿನ ನಿಲ್ದಾಣ

ಭಾನುವಾರ ಸಂಜೆ ಉಂಡದ್ದು. ಸೋಮವಾರ ನಸುಕಿಗೇ ಸ್ನಾನ, ಪೂಜೆ ಮುಗಿಸಿ ಅತ್ತೆ ಕಾರು ಹತ್ತಿದರು. ವಿಮಾನ ನಿಲ್ದಾಣ ಮುಟ್ಟಿದಾಗ ಬಿಸಿಲು ಚೆನ್ನಾಗಿ ಏರಿತ್ತು. ನಾನು ನೋಡಿದ ಮೊದಲ ವಿಚಿತ್ರವೆಂದರೆ, ಅಲ್ಲಿ ಎಲ್ಲರೂ ಯಾವಾಗಲೂ ತಿನ್ನುತ್ತಲೇ ಇರುತ್ತಾರೆ. ಒಬ್ಬರು ದೋಸೆ, ಪಕ್ಕದವರು ಕೇಕು, ಅದರ ಪಕ್ಕದವರು ನೂಡಲ್ಸು. ತಿಂಡಿಯ ಹೊತ್ತು, ಊಟದ ಹೊತ್ತು ಎಂಬುದು ಬಾಗಿಲಲ್ಲೇ ಉಳಿದುಬಿಟ್ಟಿದೆ. ಅತ್ತೆ ಅದನ್ನೆಲ್ಲ ನೋಡುತ್ತ, ಬಾಟಲಿಯ ನೀರು ಒಂದು ಗುಟುಕು ಕುಡಿದು, ‘ಪಾಪ, ಎಲ್ಲಿಂದ ಹೊರಟವ್ರೋ ಏನೋ, ಯಾವಾಗ ಉಂಡಿದ್ರೋ’ ಎಂದು ಮರುಗಿದರು. ಉಪವಾಸ ಇದ್ದವರು ತಾವು, ಮರುಕ ತಿನ್ನುವವರ ಮೇಲೆ!

ತಪಾಸಣೆಯ ಕಡೆ ಅತ್ತೆ ಕಮಾನು ದಾಟಿದ್ದೇ ಅದು ಕೂಗಿಕೊಂಡಿತು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯ ಕೆಲಸ. ಲಿಂಗ ಇಡುವ ಆ ಪುಟ್ಟ ಡಬ್ಬಿಯನ್ನು ಅವರು ಮೈಮೇಲಿನಿಂದ ತೆಗೆಯುವುದಿಲ್ಲ, ನಿದ್ದೆಯಲ್ಲೂ ತೆಗೆಯುವುದಿಲ್ಲ. ಪರದೆಯ ಹಿಂದೆ ಕರೆದೊಯ್ದ ಪೊಲೀಸ್ ಹುಡುಗಿಗೆ ಕನ್ನಡ ಬಾರದು, ಅತ್ತೆಗೆ ಹಿಂದಿ ಬಾರದು. ನಾನು ಹೊರಗೆ ಉಗುರು ಕಚ್ಚುತ್ತ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ನಗುತ್ತ ಹೊರಗೆ ಬಂದರು. ಆ ಹುಡುಗಿಯ ಹಣೆಯ ಮೇಲೆ ವಿಭೂತಿ ಇತ್ತು. ‘ಏನು ಹೇಳಿದ್ರಿ ಅತ್ತೆ?’ ಎಂದು ಕೇಳಿದೆ. ‘ಏನೂ ಇಲ್ಲ. ಬಿಚ್ಚಿ ತೋರ್ಸಿದೆ. ಕೈ ಮುಗುದ್ಲು. ಹಣೆ ಬೋಳೈತಲ್ಲ ಅಂತ ಹಚ್ಚಿದೆ’ ಎಂದರು.

ಮೋಡದ ಮೇಲೆ

ಏರುವಾಗ ಅತ್ತೆ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಿದ್ದರು. ಮೇಲೆ ಹೋಗಿ ಸಮನಾದ ಮೇಲೆ ಕೈ ಬಿಟ್ಟು, ‘ಇಷ್ಟೇ ಏನೇ? ಹೊನ್ನಾಳಿ ಬಸ್ಸು ಇದಕ್ಕಿಂತ ಕುಣಸ್ತೈತೆ’ ಎಂದರು. ಕಿಟಕಿಯ ಸೀಟು ಅವರದು, ನಡುವೆ ನಾನು, ಆ ಕಡೆ ಒಬ್ಬರು ಬಿಳಿ ಗಡ್ಡದ ಸಾಹೇಬರು. ಅವರು ಫೋನಿನಲ್ಲಿ ‘ಹ್ಞೂಂ, ಕುಂತೀನಿ, ಇನ್ನೇನು ಬಿಡ್ತೈತೆ’ ಎಂದದ್ದು ಕೇಳಿದ ಕೂಡಲೇ ನನಗೆ ತವರಿನವರು ಸಿಕ್ಕಷ್ಟು ಸಂತೋಷವಾಗಿತ್ತು. ಚನ್ನಗಿರಿಯವರು, ಹೆಸರು ಬಾಷಾ. ಟಯರ್ ಅಂಗಡಿಯನ್ನು ಮಗನಿಗೆ ಬಿಟ್ಟು, ಮಗಳ ಮನೆಗೆ ಹೊರಟಿದ್ದರು. ಸುಮಾರು ಹೊತ್ತು ನಾವು ಸೂಳೆಕೆರೆಗೆ ಈ ವರ್ಷ ಎಷ್ಟು ನೀರು ಬಂದಿದೆ ಎಂದು ಮಾತಾಡಿದೆವು. ಕೆಳಗೆ ಅರಬ್ಬಿ ಸಮುದ್ರ ಹೋಗುತ್ತಿತ್ತು, ಅದನ್ನು ಯಾರೂ ವಿಚಾರಿಸಲಿಲ್ಲ.

ಊಟದ ತಟ್ಟೆಗಳು ಬಂದವು. ಅತ್ತೆ ಬೇಡವೆಂದರು. ಗಗನಸಖಿ ನಂಬಲಿಲ್ಲ. ಹಣ್ಣು ಕೊಡಲೇ, ಜ್ಯೂಸು ಕೊಡಲೇ, ಬರೀ ಬ್ರೆಡ್ ಕೊಡಲೇ ಎಂದು ಮೂರು ಸಲ ಬಂದಳು. ಪ್ರತಿ ಸಲವೂ ಅತ್ತೆ ಕೈ ಮುಗಿದರು. ಮೂರನೇ ಸಲ ಅವಳೂ ಕೈ ಮುಗಿದು ಹೋದಳು.

ಊಟವಾದ ಮೇಲೆ ನಡೆದದ್ದು ನನಗೆ ಬಹಳ ಸೋಜಿಗ. ನಡುಹಗಲಿನಲ್ಲಿ ಎಲ್ಲ ಕಿಟಕಿಗಳ ಮುಚ್ಚಳ ಎಳೆದು, ದೀಪ ಆರಿಸಿ, ಕಂಬಳಿ ಹೊದಿಸಿ, ರಾತ್ರಿ ಮಾಡಿಬಿಟ್ಟರು. ಜನ ಕೂಡ ಒಳ್ಳೆ ಮಕ್ಕಳಂತೆ ಕಣ್ಣು ಮುಚ್ಚಿಕೊಂಡರು. ನಮ್ಮ ಕಡೆ ಮಧ್ಯಾಹ್ನ ಮಲಗಿದವರನ್ನು ಮೈ ಹುಷಾರಿಲ್ಲವಾ ಎಂದು ಕೇಳುತ್ತೇವೆ. ನಮ್ಮ ಕಿಟಕಿ ಮಾತ್ರ ತೆರೆದಿತ್ತು. ಅದರಿಂದ ಬಿಸಿಲು ನೇರ ಒಳಗೆ ಬಂದು ಬಾಷಾ ಸಾಹೇಬರ ಗಡ್ಡದ ಮೇಲೆ ಬೀಳುತ್ತಿತ್ತು. ಹಿಂದಿನ ಸಾಲಿನವರು ಗೊಣಗಿದರು. ‘ನಾನು ಹೊತ್ತು ನೋಡ್ಬೇಕಲ್ಲ’ ಎಂದು ಅತ್ತೆ ಮುಚ್ಚಳವನ್ನು ಅರ್ಧ ಮಾತ್ರ ಇಳಿಸಿದರು.

ನನ್ನ ಮೊಬೈಲಿನಲ್ಲಿ ಊರಿನ ಗಂಟೆಯೇ ಇತ್ತು. ಅದರಲ್ಲಿ ಆರೂವರೆ ಆಗುತ್ತ ಬಂದಾಗ ಅತ್ತೆ ಎದ್ದು, ಆ ಗೂಡಿನಂಥ ಬಚ್ಚಲಿನಲ್ಲಿ ಹೇಗೋ ಕೈಕಾಲು ಮುಖ ತೊಳೆದುಕೊಂಡು ಬಂದು, ಚೀಲದಿಂದ ವಿಭೂತಿ ಗಟ್ಟಿ ತೆಗೆದರು. ‘ಇನ್ನೇನು ಇಳೀತೈತೆ, ಅಲ್ವೇನೆ? ಹೊತ್ತು ಮಾತ್ರ ಇನ್ನೂ ಭಾಳ ಮೇಲೈತೆ’ ಎಂದರು. ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಸೂರ್ಯ ನಮ್ಮೂರಿನ ಮಧ್ಯಾಹ್ನ ಮೂರು ಗಂಟೆಗೆ ಇರುವಲ್ಲಿ ಇದ್ದ. ದಾರಿಯಲ್ಲಿ ಬರುತ್ತಿದ್ದ ಗಗನಸಖಿಯನ್ನು ನಿಲ್ಲಿಸಿ, ಇಳಿಯಲು ಎಷ್ಟು ಹೊತ್ತಿದೆ ಎಂದು ಕೇಳಿದೆ. ಅರ್ಧ ದಾರಿ ಆಗಿದೆ, ಇನ್ನು ಐದು ಗಂಟೆ ಎಂದು ನಕ್ಕು ಹೋದಳು.

ನಾನು ಮೊಬೈಲಿನ ಗಂಟೆಯನ್ನೂ ಕಿಟಕಿಯ ಸೂರ್ಯನನ್ನೂ ಮತ್ತೊಮ್ಮೆ ನೋಡಿದೆ.

ಇನ್ನೂ ಮೋಡದ ಮೇಲೆ

ಮುಂದಿನ ಸೀಟಿನ ಬೆನ್ನಿಗೆ ಇದ್ದ ಪುಟ್ಟ ಟಿವಿಯಲ್ಲಿ ಒಂದು ನಕಾಶೆ ಬರುತ್ತದೆ. ಭೂಮಿಯ ಅರ್ಧದ ಮೇಲೆ ಕಪ್ಪು ನೆರಳು, ಅರ್ಧದ ಮೇಲೆ ಬೆಳಕು, ನಡುವೆ ಒಂದು ಬಾಗಿದ ಗೆರೆ. ಬೆಳಕಿನ ಕಡೆ ನಮ್ಮ ವಿಮಾನದ ಗುರುತು. ಬಾಷಾ ಸಾಹೇಬರು ಅದನ್ನು ಹಾಕಿಕೊಟ್ಟರು. ನೋಡನೋಡುತ್ತಿದ್ದಂತೆ ನೆರಳು ನಮ್ಮೂರನ್ನು ಮುಚ್ಚಿಕೊಂಡಿತು. ನ್ಯಾಮತಿಯಲ್ಲಿ ಈಗ ದೀಪ ಹಚ್ಚಿರುತ್ತಾರೆ, ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಬೋಂಡಾ ಕರಿಯುತ್ತಿರುತ್ತಾರೆ. ನೆರಳು ನಮ್ಮ ಹಿಂದೆಯೇ ಬರುತ್ತಿತ್ತು, ಆದರೆ ಮುಟ್ಟುತ್ತಿರಲಿಲ್ಲ.

ಆಗ ನನಗೆ ಅರ್ಥವಾಯಿತು. ಸಂಜೆ ಹೊನ್ನಾಳಿಯಿಂದ ನ್ಯಾಮತಿಗೆ ಬರುವ ಬಸ್ಸಿನಲ್ಲಿ ಡ್ರೈವರನ ಮುಖಕ್ಕೇ ಸೂರ್ಯ ಹೊಡೆಯುತ್ತಿರುತ್ತಾನೆ, ಯಾಕೆಂದರೆ ಬಸ್ಸೂ ಸೂರ್ಯನೂ ಒಂದೇ ಕಡೆಗೆ ಹೊರಟಿರುತ್ತಾರೆ. ಬಸ್ಸು ನಿಧಾನ, ಅವನು ಮುಂದೆ ಹೋಗಿ ಮುಳುಗುತ್ತಾನೆ. ಈ ವಿಮಾನ ಅವನ ಬೆನ್ನು ಬಿಡದಷ್ಟು ಜೋರಾಗಿ ಓಡುತ್ತಿದೆ. ನಾವು ಓಡಿದಷ್ಟೂ ಅವನು ಮುಳುಗುವುದು ತಡವಾಗುತ್ತದೆ. ಹಗಲನ್ನು ಹೀಗೆ ರಬ್ಬರಿನಂತೆ ಎಳೆಯಬಹುದು ಎಂದು ತಿಳಿದು ನನಗೆ ಬೆರಗಾಯಿತು. ಬೇರೆ ದಿನವಾಗಿದ್ದರೆ ಕುಣಿದಾಡಿಬಿಡುತ್ತಿದ್ದೆ. ಆ ದಿನ ಪಕ್ಕದಲ್ಲಿ ನಿನ್ನೆ ಸಂಜೆ ಉಂಡ ಮುದುಕಿ ಕೂತಿದ್ದರು.

ಅತ್ತೆಗೆ ವಿಷಯ ಹೇಳಿದೆ. ಅವರು ವಿಭೂತಿ ಗಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದರು.

‘ಅತ್ತೆ, ಊರಾಗೆ ಹೊತ್ತು ಮುಳುಗೈತೆ. ಹರಕೆ ಹೊತ್ತಿದ್ದು ಊರಾಗೆ. ಊರಿನ ಲೆಕ್ಕ ಹಿಡಿದು ಉಣ್ರಿ’ ಎಂದೆ.

‘ಊರಾಗೆ ಮುಳುಗಿದ್ರೆ ಊರಾಗಿರೋರು ಉಣ್ತಾರೆ. ನನ್ನ ಕಣ್ಣೆದುರಿಗೆ ಹಿಂಗೆ ಉರೀತಾ ಕುಂತಾನೆ. ಇವನ್ನ ನೋಡ್ಕೊಂಡು ಹೆಂಗೆ ಉಣ್ಲಿ?’

ಉಪವಾಸದ ವಿಷಯ ಬಲ್ಲವರನ್ನೇ ಕೇಳೋಣ ಎಂದು ಬಾಷಾ ಸಾಹೇಬರ ಕಡೆ ತಿರುಗಿದೆ. ಅತ್ತೆಯ ಹರಕೆ, ಶುಗರು ಎಲ್ಲ ಹೇಳಿ, ರೋಜಾ ಹಿಡಿದು ವಿಮಾನದಲ್ಲಿದ್ದರೆ ನೀವು ಏನು ಮಾಡುತ್ತೀರಿ ಎಂದೆ.

‘ನಮ್ಮಾಗೆ ನಾವು ಎಲ್ಲಿರ್ತೀವೋ ಅಲ್ಲಿ ಕಾಣೋ ಸೂರ್ಯನ್ದೇ ಲೆಕ್ಕ ಕಣಮ್ಮ. ಇವನು ಮುಳುಗೋಗಂಟ ಬಿಡಂಗಿಲ್ಲ’ ಎಂದರು. ಅತ್ತೆ ನನ್ನ ಕಡೆ ನೋಡಿ, ಕೇಳಿಸ್ಕೊಂಡ್ಯಾ ಎನ್ನುವಂತೆ ಹುಬ್ಬು ಹಾರಿಸಿದರು. ಸಾಹೇಬರು ಇನ್ನೂ ಮುಗಿಸಿರಲಿಲ್ಲ. ‘ಆದ್ರೆ ಪ್ರಯಾಣದಾಗಿರೋರಿಗೆ, ಕಾಯಿಲೆ ಇರೋರಿಗೆ ಮಾಫಿ ಐತೆ. ಬಿಟ್ಟಿದ್ದನ್ನ ಆಮೇಲೆ ಇನ್ನೊಂದಿನ ಹಿಡುದ್ರೆ ಆತು. ನಿಮಗೆ ಎರಡೂ ಐತಲ್ಲಮ್ಮ, ಪ್ರಯಾಣನೂ ಐತೆ, ಶುಗರೂ ಐತೆ. ಉಣ್ರಿ.’

‘ನಿಮ್ಮೋನು ದೊಡ್ಡೋನು, ಮಾಫಿ ಕೊಟ್ಟಾನೆ. ನಮ್ಮೋನ ಹತ್ರ ನಾನು ಕೇಳಿಲ್ಲವಲ್ಲ’ ಎಂದು ಅತ್ತೆ ಮುಗಿಸಿಬಿಟ್ಟರು. ಸಾಹೇಬರು ಊಟದಲ್ಲಿ ಉಳಿಸಿ ಮುಂದಿಟ್ಟುಕೊಂಡಿದ್ದ ಬಿಸ್ಕತ್ತನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು. ಅಲ್ಲಿಂದ ಇಳಿಯುವ ತನಕ ಅವರು ಅತ್ತೆಯ ಎದುರಿಗೆ ಏನನ್ನೂ ತಿನ್ನಲಿಲ್ಲ.

ಹೊತ್ತು ಕಳೆಯಿತು. ಅತ್ತೆಯ ಹಣೆಯಲ್ಲಿ ಬೆವರು ಮೂಡಿತು, ಆ ತಣ್ಣನೆಯ ಗಾಳಿಯಲ್ಲಿ. ಬಾಟಲಿಯ ಮುಚ್ಚಳ ತೆರೆಯಲಾಗದೆ ನನ್ನ ಕಡೆ ಚಾಚಿದರು. ನನ್ನ ಕೈಚೀಲದಲ್ಲಿ ಇಂಥದ್ದಕ್ಕೆಂದೇ ಇಟ್ಟ ಬೆಲ್ಲದ ಚೂರಿತ್ತು. ಕೊಡಹೋದರೆ ತುಟಿ ಬಿಗಿ ಹಿಡಿದರು. ‘ನಾವು ಬರಗಾಲದ ಜಗಳೂರ್ನೋರು. ಒಂದಿನ ಉಣ್ದಿದ್ರೆ ಸಾಯಲ್ಲ’ ಎಂದರು. ಜಗಳೂರಿನವರಿಗೂ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ ಎಂದು ಕೂಗಿ ಹೇಳಬೇಕೆನಿಸಿತು. ಸಿಟ್ಟೂ ಬಂತು, ಅಳುವೂ ಬಂತು.

ಆಗ ನನಗೊಂದು ಕಳ್ಳ ಉಪಾಯ ಹೊಳೆಯಿತು. ಅತ್ತೆ ಸ್ವಲ್ಪ ಜೊಂಪು ಹತ್ತಿದ ಸಮಯ ನೋಡಿ ಕಿಟಕಿಯ ಮುಚ್ಚಳ ಪೂರ್ತಿ ಇಳಿಸಿದೆ. ಸುತ್ತ ಕತ್ತಲು, ಎಲ್ಲರೂ ಗೊರಕೆ. ಮೆಲ್ಲಗೆ ಅವರ ಭುಜ ಮುಟ್ಟಿ, ‘ಅತ್ತೆ, ಏಳ್ರಿ, ಹೊತ್ತು ಮುಳುಗ್ತು’ ಎಂದೆ. ಅವರು ಕಣ್ಣು ಬಿಟ್ಟು ಸುತ್ತಲೂ ನೋಡಿದರು. ‘ಮುಳುಗ್ತಾ?’ ಎಂದು ಕೇಳಿದ ಅವರ ಮುಖದಲ್ಲಿ ಎಂಥ ನಿರಾಳ! ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಕೈ ಚಾಚಿ ಮುಚ್ಚಳ ಎತ್ತಿಬಿಟ್ಟರು. ಬಿಸಿಲು ಧಗ್ಗನೆ ಒಳಗೆ ನುಗ್ಗಿತು. ಹಿಂದಿನ ಸಾಲಿನವರು ಬೈದುಕೊಂಡು ಎದ್ದು ಕೂತರು.

‘ನನ್ನ ಮಂಗ್ಯಾ ಮಾಡ್ತೀಯೇನೇ?’

‘ನೀವು ಎಲ್ಲಿ ಬಿದ್ದುಗಿದ್ದೀರಿ ಅಂತ ಹೆದರಿಕೆ ಆಗಿ ಮಾಡ್ದೆ ಅತ್ತೆ.’

ಅವರು ಬೈಯಲಿಲ್ಲ. ಸೂರ್ಯನ ಕಡೆ ಮುಖ ಮಾಡಿಕೊಂಡು ಹೇಳಿದರು. ‘ಎರಡು ಸಲನೂ ಸುಮಿ ಫೋನಿನಾಗೆ ಅತ್ಲು, ಶೋಭಾ. ನಾನು ಊರಾಗೆ, ಅವಳು ಅಲ್ಲಿ. ತಲೆ ಸವರಾಕೂ ಆಗ್ಲಿಲ್ಲ. ಈಗ ಏನಾದ್ರೂ ಹೆಚ್ಚುಕಡಿಮೆ ಆದ್ರೆ, ಅವ್ವ ಒಂದಿನ ಹಸಿವು ತಡೀಲಿಲ್ಲ ಅಂತ ಆಗಬಾರ್ದು.’

ಅದಾದ ಮೇಲೆ ನಾನು ಬೆಲ್ಲದ ಮಾತೆತ್ತಲಿಲ್ಲ. ಕೊನೆಯ ಗಂಟೆಗಳಲ್ಲಿ ಅವರ ಕೈಯನ್ನು ನನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡು, ನಕಾಶೆಯ ಮೇಲಿನ ಆ ಕಪ್ಪು ಗೆರೆಯನ್ನು ಬೇಗ ಬಾ ಎಂದು ಕರೆಯುತ್ತ ಕೂತಿದ್ದೆ. ಕತ್ತಲಿಗಾಗಿ ಹೀಗೆ ಕಾದದ್ದು ಅದೇ ಮೊದಲು.

ಲಂಡನ್ನಿನ ನಿಲ್ದಾಣ

ಟಿಕೆಟ್ಟಿನಲ್ಲಿ ಬರೆದ ಹಾಗೇ ಸಂಜೆ ಆರೂವರೆಗೆ ಇಳಿದೆವು. ಹೊರಗೆ ನೋಡಿದರೆ ಬಟ್ಟೆ ಒಣಗಿಸುವಂಥ ಬಿಸಿಲು. ಇಳಿಯುವ ಮುಂಚೆ ಬಾಷಾ ಸಾಹೇಬರು, ಇಲ್ಲಿ ಈ ತಿಂಗಳು ಸೂರ್ಯ ಮುಳುಗುವುದು ಒಂಬತ್ತರ ಹತ್ತಿರ ಎಂದು ನನ್ನ ಕಿವಿಯಲ್ಲಿ ಹೇಳಿದರು. ಜೇಬಿನಲ್ಲಿದ್ದ ಬಿಸ್ಕತ್ತನ್ನೂ ನನ್ನ ಕೈಗೆ ತುರುಕಿ ಹೋದರು.

ಮೊಬೈಲ್ ತೆರೆದ ಕೂಡಲೇ ನಮ್ಮನೆಯವರ ಸಂದೇಶ. ‘ಅವ್ವ ಉಂಡಳಾ?’ ಅಲ್ಲಿ ಆಗ ಮಲಗುವ ಹೊತ್ತು ಮೀರಿತ್ತು. ಮೊಬೈಲನ್ನು ಹಾಗೇ ಚೀಲಕ್ಕೆ ಹಾಕಿದೆ.

ವಯಸ್ಸಾದವರೆಂದು ಸುಮಾ ಗಾಲಿಕುರ್ಚಿ ಹೇಳಿಟ್ಟಿದ್ದಳು. ಬೆಂಗಳೂರಿನಲ್ಲಿ, ‘ನನಗೇನು ಕಾಲಿಲ್ಲೇನು?’ ಎಂದು ಅದನ್ನು ಹತ್ತಿರಕ್ಕೂ ಸೇರಿಸಿರಲಿಲ್ಲ ಅತ್ತೆ. ಇಲ್ಲಿ ತಾವೇ ಹೋಗಿ ಕೂತರು. ಅದನ್ನು ನೋಡಿ ನನಗೆ ನಿಜವಾಗಿ ಭಯವಾಯಿತು. ಕುರ್ಚಿ ತಳ್ಳುತ್ತಿದ್ದ ಎತ್ತರದ ಹೆಂಗಸು ದಾರಿಯುದ್ದಕ್ಕೂ ಅತ್ತೆಯ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದಳು. ಅತ್ತೆ ಸಣ್ಣ ದನಿಯಲ್ಲಿ ಕನ್ನಡದಲ್ಲಿ ಉತ್ತರ ಕೊಟ್ಟರು. ಇಬ್ಬರಿಗೂ ಏನೂ ತೊಂದರೆಯಾದಂತೆ ಕಾಣಲಿಲ್ಲ.

ಪಾಸ್‌ಪೋರ್ಟ್ ನೋಡುವಲ್ಲಿ ಉದ್ದನೆಯ ಸಾಲು. ಆ ಜನ ಸಾಲಿನಲ್ಲಿ ಒಬ್ಬರಿಂದೊ‌ಬ್ಬರು ಎಷ್ಟು ದೂರ ನಿಲ್ಲುತ್ತಾರೆಂದರೆ, ಆ ಜಾಗದಲ್ಲಿ ನಮ್ಮ ಬಸ್ ಸ್ಟ್ಯಾಂಡಿನಲ್ಲಾದರೆ ಇಬ್ಬರು ತೂರಿಕೊಂಡಿರುತ್ತಿದ್ದರು. ಯಾರ ಉಸಿರೂ ಯಾರಿಗೂ ತಾಗುವುದಿಲ್ಲ. ಕುರ್ಚಿಯಿದ್ದದ್ದರಿಂದ ನಮ್ಮನ್ನು ಪಕ್ಕದಿಂದ ಮುಂದೆ ಕಳಿಸಿದರು. ಯಾಕೆ ಬಂದಿರಿ ಎಂದು ಅಧಿಕಾರಿ ಕೇಳಿದ. ನಾನು ಹೇಳುವ ಮುಂಚೆ ಅತ್ತೆ ತಮ್ಮ ಹೊಟ್ಟೆಯ ಮುಂದೆ ಕೈಯಿಂದ ದುಂಡಗೆ ತೋರಿಸಿ, ಆಮೇಲೆ ತೋಳಿನಲ್ಲಿ ಕೂಸು ತೂಗಿದರು. ಅವನು ನಕ್ಕು ಮುದ್ರೆ ಒತ್ತಿದ.

ಕಾರು ನಿಲ್ಲಿಸುವ ಮಾಳಿಗೆ

ಹೊರಗೆ ಕಂಬಿಯ ಆಚೆ ಸುಮಾ ನಿಂತಿದ್ದಳು. ಪಕ್ಕದಲ್ಲಿ ಗಂಡ ಪ್ರಕಾಶ. ತಾಯಿಯನ್ನು ಕುರ್ಚಿಯಲ್ಲಿ ಕಂಡು ಅವಳ ಮುಖ ಬಾಡಿತು. ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು. ಮಗಳ ಕೆನ್ನೆ ಹಿಡಿದರು, ಹೊಟ್ಟೆ ಸವರಿದರು, ಮತ್ತೆ ಕೆನ್ನೆ ಹಿಡಿದರು. ನಾನು ಬೇರೆ ಕಡೆ ನೋಡುತ್ತ ಮೂಗು ಒರೆಸಿಕೊಂಡೆ.

ಕಾರುಗಳನ್ನು ಅಲ್ಲಿ ಮಾಳಿಗೆಯ ಮೇಲೆ ಮಾಳಿಗೆ ಕಟ್ಟಿ ನಿಲ್ಲಿಸುತ್ತಾರೆ. ನಮ್ಮ ಕಾರು ಎಲ್ಲಕ್ಕಿಂತ ಮೇಲಿನ ಬಯಲಿನಲ್ಲಿತ್ತು. ಲಿಫ್ಟಿನಿಂದ ಹೊರಗೆ ಬಂದರೆ ಎದುರಿಗೇ ಸೂರ್ಯ, ನೆಲದಿಂದ ಎರಡಾಳೆತ್ತರದಲ್ಲಿ, ಇಳಿಯುವ ಯಾವ ಅವಸರವೂ ಇಲ್ಲದೆ. ಅತ್ತೆ ಅವನನ್ನೊಮ್ಮೆ ನೋಡಿ ಕಾರಿನ ಬಾಗಿಲು ಹಿಡಿದು ನಿಂತರು. ಅಷ್ಟರಲ್ಲಿ ಸುಮಾ ಡಿಕ್ಕಿಗೆ ಒರಗಿದಳು. ಅವಳ ತುಟಿ ಬಿಳಿಚಿಕೊಂಡಿತ್ತು. ಅತ್ತೆ ಅವಳ ಕೈ ಹಿಡಿದರು.

‘ಯಾಕೆ ಕೈ ಹಿಂಗೆ ತಣ್ಣಗೈತೆ?’

‘ಏನಿಲ್ಲವ್ವ, ನಿಂತೂ ನಿಂತೂ…’

‘ಸುಳ್ಳು ಹೇಳ್ತಾಳೆ ಅತ್ತೆ’ ಎಂದ ಪ್ರಕಾಶ. ಪಾಪ, ಬೆಳಗಿನಿಂದ ತಡೆದುಕೊಂಡಿದ್ದ ಸಿಟ್ಟು. ‘ಬೆಳಗ್ಗೆ ಒಂದು ಲೋಟ ಹಾಲು ಕುಡುದಿದ್ದು, ಅಷ್ಟೇ. ನಾನೂ ಹೇಳಿದೆ, ಫೋನಿನಾಗೆ ಅವಳ ಗೆಳತಿ ಡಾಕ್ಟರೂ ಬೈದ್ಲು. ಕೇಳಾಕೆ ತಯಾರಿಲ್ಲ. ಅವ್ವನ ಜೊತೀಗೇ ಉಣ್ತೀನಿ ಅಂತ ಹಟ ಹಿಡಿದು ಕುಂತಾಳೆ.’

ಅತ್ತೆ ಬೆಚ್ಚಿದರು. ‘ನಿನಗ್ಯಾರೇ ಉಪವಾಸ ಮಾಡು ಅಂದೋರು?’

‘ನೀನು ನನ್ನ ಸಲುವಾಗಿ ಅಲ್ಲಿಂದ ಇಲ್ಲೀಗಂಟ ಹಸುಕೊಂಡು ಬರೋವಾಗ ನಾನು ಹೆಂಗೆ ಉಣ್ಲವ್ವ?’ ಎಂದಳು ಸುಮಾ. ಆಮೇಲೆ ಅತ್ತೆಯ ಕಣ್ಣು ತಪ್ಪಿಸಿ, ‘ಇಲ್ಲಿ ಹೊತ್ತು ಮುಳುಗೋದು ಭಾಳ ತಡ ಅಂತ ನನಗೆ ಗೊತ್ತಿತ್ತು. ಅಣ್ಣ ಐದು ತಾಸು ಅಂದಾಗ ನಾನು ಬಾಯಿ ಬಿಡ್ಲಿಲ್ಲ. ಹೇಳಿದ್ರೆ ನೀನು ಶ್ರಾವಣ ಮುಗೀಲಿ ಅಂತಿದ್ದೆ. ನನಗೆ ಭಯ ಆಗ್ತಿತ್ತವ್ವ. ನೀನು ಬೇಗ ಬರ್ಬೇಕಿತ್ತು’ ಎಂದಳು.

ನನಗೆ ಅವಳ ಕಪಾಳಕ್ಕೆ ಒಂದು ಬಿಗಿಯಬೇಕು ಎನ್ನಿಸಿತು, ಅಪ್ಪಿಕೊಳ್ಳಬೇಕು ಎಂದೂ ಎನ್ನಿಸಿತು. ಅತ್ತೆ ಮಾತ್ರ ಮಗಳನ್ನು ಹಿಂದಿನ ಸೀಟಿನಲ್ಲಿ, ಕಾಲು ಹೊರಗೆ ಇಳಿಬಿಟ್ಟು ಕೂರಿಸಿದರು.

‘ಊಟ ಏನಾದ್ರೂ ತಂದೀರೇನಪ್ಪಾ?’

ಪ್ರಕಾಶ ಡಿಕ್ಕಿಯಿಂದ ಸ್ಟೀಲಿನ ಡಬ್ಬಿಗಳನ್ನು ತೆಗೆದ. ದಾರಿಯಲ್ಲೇ ಹೊತ್ತು ಮುಳುಗಿದರೆ ಅವ್ವ ಅಲ್ಲೇ ಉಣ್ಣಲಿ ಎಂದು ಸುಮಾ ತುಂಬಿಸಿ ತಂದಿದ್ದಳು. ರೊಟ್ಟಿ, ಹೆಸರುಕಾಳಿನ ಪಲ್ಯ, ಅನ್ನ, ಮೊಸರು.

‘ಉಣ್ಣು’ ಎಂದರು ಅತ್ತೆ.

‘ನೀನೂ ಉಂಡ್ರೆ ಉಣ್ತೀನಿ. ಇಲ್ಲಾಂದ್ರೆ ಇಬ್ರೂ ಕಾಯಾಣ. ಇನ್ನೊಂದು ತಾಸು, ಅಷ್ಟೇ.’

ಒಂದು ತಾಸು. ಅಷ್ಟು ದೂರ ತಡೆದವರಿಗೆ ಅದು ಯಾವ ಲೆಕ್ಕ? ಅಲ್ಲೇ ಕಾರಿನೊಳಗೆ ಕೂತಿದ್ದರೂ ಸೋಮವಾರ ಮುಗಿದು ಹೋಗುತ್ತಿತ್ತು. ಹರಕೆ ಪೂರ್ತಿಯಾಗುತ್ತಿತ್ತು. ಅತ್ತೆ ಮಗಳ ಬಿಳಿಚಿದ ಮುಖ ನೋಡಿದರು. ಅವಳ ಹಣೆಯಲ್ಲೂ ಬೆವರಿತ್ತು. ಆಮೇಲೆ ಸೂರ್ಯನ ಕಡೆ ತಿರುಗಿ, ಸೆರಗಿನ ಒಳಗೆ ಕೈ ಹಾಕಿ ಕರಡಿಗೆಯನ್ನು ಹಿಡಿದುಕೊಂಡರು. ಕಣ್ಣು ಮುಚ್ಚಲಿಲ್ಲ. ಬಾಗಿಲಲ್ಲಿ ನಿಂತ ಮನುಷ್ಯನ ಜೊತೆ ಮಾತಾಡುವಷ್ಟೇ ದನಿಯಲ್ಲಿ ಹೇಳಿದರು.

‘ಶಿವನೇ, ನೋಡ್ಕೋ. ನಿನ್ನ ಸೋಮವಾರ ಇನ್ನೂ ಮುಗುದಿಲ್ಲ, ನನಗೂ ಗೊತ್ತು. ನಾನು ಕೇಳಿದ್ದು ನೀನು ಕೊಟ್ಟೀಯ. ಕೊಟ್ಟಿದ್ದನ್ನ ಹಸಿವಿಗೆ ಕೆಡಸಾಕೆ ನನ್ನ ಕೈಲಾಗಲ್ಲ. ತಪ್ಪಾದ್ರೆ ನನಗೆ ಹಾಕು.’

ಬಾಟಲಿಯ ನೀರಿನಿಂದ ಕೈ ತೊಳೆದರು. ಡಬ್ಬಿಯ ಮುಚ್ಚಳದ ಮೇಲೆ ಅನ್ನ ಹಾಕಿ, ಮೊಸರು ಹಾಕಿ ಕಲೆಸಿದರು. ಮೊದಲ ತುತ್ತು ಮಗಳ ಬಾಯಿಗೆ ಇಟ್ಟರು. ಸುಮಾ ನುಂಗದೆ, ತಾಯಿಯನ್ನೇ ನೋಡುತ್ತ ಕೂತಳು. ಅತ್ತೆ ಇನ್ನೊಂದು ತುತ್ತು ಮಾಡಿ ತಮ್ಮ ಬಾಯಿಗೆ ಹಾಕಿಕೊಂಡು ಅಗಿದರು. ಆಗ ಅವಳೂ ಅಗಿದಳು. ನಾನು ಚೀಲದಿಂದ ಮೊಬೈಲ್ ತೆಗೆದು, ‘ಉಂಡ್ರು’ ಎಂದು ಬರೆದು ಕಳಿಸಿದೆ.

ಇಳಿಬಿಸಿಲು ನೇರವಾಗಿ ಸುಮಾಳ ಕಣ್ಣಿಗೆ ಹೊಡೆಯುತ್ತಿತ್ತು. ಅತ್ತೆ ಎಡಗೈಯಿಂದ ಸೆರಗು ಎತ್ತಿ ಅದಕ್ಕೆ ಅಡ್ಡ ಹಿಡಿದು, ಬಲಗೈಯಿಂದ ಮುಂದಿನ ತುತ್ತು ಕಲೆಸಿದರು.